ಗಿಟಾರ್ ಇಲ್ಲದೆ ಬಂದ ಆರು ಸ್ವರ

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಹೊಳಲ್ಕೆರೆಯ ರಿಪೇರಿ ಅಂಗಡಿಯೊಂದರಲ್ಲಿ ಗಿಟಾರ್ ಜೋಡಿಸಿರದ ಆಂಪ್ಲಿಫೈಯರ್‌ನಿಂದ ಆರು ಸ್ವರಗಳು ಕೇಳಿಬಂದವು. ಅಲ್ಲಿ ಮೂವರಿದ್ದೆವು, ಮೂವರೂ ಕೇಳಿದೆವು. ಇಂಥ ಸುದ್ದಿ ಹೊತ್ತು ನಮ್ಮ ಪತ್ರಿಕಾ ಕಚೇರಿಗೆ ಬಂದವರನ್ನು ಚಹಾ ಕೊಟ್ಟು ಸಾಗಹಾಕಿದವನು ನಾನು. ಆಗ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ.

ಗಾಜಿನ ವಾಲ್ವ್‌ಗಳಿದ್ದ ಆ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಹಿರಿಯೂರಿನ ರುದ್ರಣ್ಣನವರದು. ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಪಾರ್ಶ್ವವಾಯುವಾಗಿ ಎಡಗೈ ಬೆರಳುಗಳು ಆಡುತ್ತಿರಲಿಲ್ಲ. ಒಂದು ಕಿವಿ ಎಂದೋ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರ್ ಹೇಳಿದ್ದರು. ಅಷ್ಟರೊಳಗೆ ತಮ್ಮ ಗಿಟಾರಿನ ಹಳೆಯ ಒಡೆದ ದನಿಯನ್ನು ಒಮ್ಮೆ ಕೇಳಬೇಕೆಂಬುದು ಅವರ ಆಸೆ. ಬಿಡುವಿನಲ್ಲಿ ಗಿಟಾರ್ ನುಡಿಸುವ ನಾನು ಅವರನ್ನೂ ಪೆಟ್ಟಿಗೆಯನ್ನೂ ಮೆಕ್ಯಾನಿಕ್ ತಿಪ್ಪೇಸ್ವಾಮಿಯ ಅಂಗಡಿಗೆ ಕರೆದೊಯ್ದೆ.

ದನಿ ಹಾಗೆ ಒಡೆಯುತ್ತಿದ್ದುದಕ್ಕೆ ಕಾರಣ ಸರಳ. ಆಗ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತಿತ್ತು. ವಾಲ್ವ್‌ಗಳು ಬಳಲಿ, ಸ್ವರದ ಅಂಚು ಹರಿದು ಗುರುಗುಡುತ್ತಿತ್ತು. ಈಗ ಅವರ ಮನೆಯಲ್ಲಿ ವೋಲ್ಟೇಜ್ ಸಮ ಮಾಡುವ ಸ್ಟೆಬಿಲೈಸರ್ ಇತ್ತು, ನಾನು ನುಡಿಸಿದರೆ ದನಿ ಸಾಫಾಗಿ ಬರುತ್ತಿತ್ತು.

"ಕರೆಂಟ್ ಸರಿಯಾಗಿ ಬರ್ತೈತೆ ಅಂತ ಅಳೋರನ್ನ ಇವತ್ತೇ ನೋಡಿದ್ದು ಕಣ್ರಿ ಸರ್," ಎಂದ ತಿಪ್ಪೇಸ್ವಾಮಿ.

"ಲೇ ತಿಪ್ಪ, ಬಾಯಿ ಮುಚ್ಕಂಡು ಸೋಲ್ಡ್ರಿಂಗ್ ಮಾಡ್ಲೇ," ಎಂದರು ರುದ್ರಣ್ಣ.

ವಾಲ್ವ್‌ಗಳಿಗೆ ಕಡಿಮೆ ವೋಲ್ಟೇಜ್ ಹೋಗುವಂತೆ ಅವನು ಎರಡು ರೆಸಿಸ್ಟರ್ ಬದಲಿಸಿದ. ನಾನು ನುಡಿಸಿದೆ. ದನಿ ಒಡೆಯಿತು. ರುದ್ರಣ್ಣ ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು ಕೇಳಿ, "ಇದಲ್ಲ," ಎಂದರು.

ಇನ್ನೊಂದು ರೆಸಿಸ್ಟರ್ ಹಾಕಿ ನೋಡೋಣವೆಂದು ನಾನು ಪೆಟ್ಟಿಗೆಯಿಂದ ಗಿಟಾರಿನ ವೈರ್ ಕಿತ್ತು ಗಿಟಾರನ್ನು ಬೆಂಚಿನ ಮೇಲಿಟ್ಟೆ. ಪೆಟ್ಟಿಗೆ ಆರಿಸಲು ತಿಪ್ಪೇಸ್ವಾಮಿ ಸ್ವಿಚ್ಚಿಗೆ ಕೈ ಚಾಚಿದ್ದ. ಆಗ ಆರು ಸ್ವರ ಬಂದವು. ಗಿಟಾರಿನವೇ. ಮೂರನೆಯದು ಸ್ವಲ್ಪ ಕೆಳಗೆ ಬಿದ್ದು, ತಕ್ಷಣ ಮೇಲೆದ್ದು ಸರಿಹೋಯಿತು. ಆಮೇಲೆ ಬರೀ ಗುಂಯ್ ಸದ್ದು.

"ಯಾವ್ದೋ ಸ್ಟೇಷನ್ ಹಿಡ್ದಿರ್ಬೇಕು," ಎಂದ ತಿಪ್ಪೇಸ್ವಾಮಿ. ವಾಲ್ವ್ ಪೆಟ್ಟಿಗೆಗಳು ಕೆಲವೊಮ್ಮೆ ರೇಡಿಯೊ ಹಿಡಿಯುವುದುಂಟು.

ರುದ್ರಣ್ಣ ಎದ್ದು ನಿಂತಿದ್ದರು. "ಯಾವ ಸ್ಟೇಷನ್ನಲೇ? ಅದು ನಾನು ಕಣಪ್ಪ. ಯಲ್ಲದಕೆರೆ ಮದ್ವೇಲಿ. ಮೂರ್ನೇದಕ್ಕೆ ಬೆರಳು ಜಾರಿತ್ತು. ಇದೇ ದನಿ. ಇನ್ನು ಮುಟ್ಬ್ಯಾಡ ಬಿಡು."

ಆ ಮದುವೆಯ ರೆಕಾರ್ಡಿಂಗ್ ಇದೆಯೇ ಎಂದು ಕೇಳಿದೆ. ಯಾರೂ ಮಾಡಿರಲಿಲ್ಲವೆಂದರು. ಮರುವಾರ ಹೊಸದುರ್ಗಕ್ಕೆ ಹೋಗಿ, ಆ ಮದುವೆಯಲ್ಲಿ ಅವರ ಜೊತೆ ಡ್ರಮ್ ಬಾರಿಸಿದ್ದವರನ್ನು ಕಂಡೆ. ನಡೆದದ್ದನ್ನು ಹೇಳದೆ ಮದುವೆಯ ಬಗ್ಗೆ ಮಾತ್ರ ಕೇಳಿದೆ. "ರುದ್ರ ಅವತ್ತು ತಪ್ಪಿದ್ದ ಬಿಡ್ರಿ, ಒಂದು ವಾರ ಆಡ್ಕಂಡು ನಕ್ಕಿದ್ವಿ," ಎಂದರು. ಯಾವ ಸ್ವರ ತಪ್ಪಿತ್ತೆಂಬುದು ಅವರಿಗೆ ನೆನಪಿರಲಿಲ್ಲ.

ಅಲ್ಲಿಂದ ಬಂದ ಮೇಲೆ ನಾನು ಅದೇ ಅಂಗಡಿಯಲ್ಲಿ, ಅದೇ ಬೆಂಚಿನ ಬಳಿ, ಅಲ್ಲೇ ಬಿಟ್ಟಿದ್ದ ಆ ಪೆಟ್ಟಿಗೆಯನ್ನು ಗಿಟಾರ್ ಜೋಡಿಸದೆ ಮೂರು ಮಧ್ಯಾಹ್ನ ಆನ್ ಮಾಡಿಟ್ಟು ಕೂತೆ. ಆ ಸ್ವರಗಳಿರಲಿ, ರೇಡಿಯೊ ಕೂಡ ಹಿಡಿಯಲಿಲ್ಲ. ನಾಲ್ಕನೆಯ ದಿನ ರುದ್ರಣ್ಣ ಅದನ್ನು ಮನೆಗೆ ಒಯ್ದರು.

ಕಳೆದ ತಿಂಗಳು ಅವರ ಉಳಿದ ಕಿವಿಯೂ ಪೂರ್ತಿ ಹೋಯಿತು. ಮೊನ್ನೆ ಅವರ ಮಗಳು ಫೋನ್ ಮಾಡಿದ್ದರು. ಅಪ್ಪ ದಿನಾ ಬೆಳಿಗ್ಗೆ ಆಂಪ್ಲಿಫೈಯರ್ ಆನ್ ಮಾಡಿಸಿಕೊಂಡು, ಅದರ ನಡುಕ ಸಿಗುವಂತೆ ಮೇಲೆ ಅಂಗೈ ಊರಿ ಕೂರುತ್ತಾರಂತೆ. ಗಿಟಾರ್ ಜೋಡಿಸಲು ಬಿಡುವುದಿಲ್ಲವಂತೆ.