ನೀರು ದಾಟದ ಪ್ರದಕ್ಷಿಣೆ

ಬೆರ್ರಿಯೆಸಾ ಬಡಾವಣೆಯ ಮನೆಗಳ ಸಾಲು ಮುಗಿದು ರಸ್ತೆ ಪೂರ್ವಕ್ಕೆ ಏರತೊಡಗಿದರೆ ಮರಗಳು ಬೇಗ ಹಿಂದೆ ಉಳಿಯುತ್ತವೆ. ಆಮೇಲೆ ಇರುವುದು ಹುಲ್ಲು, ಗಾಳಿ ಮತ್ತು ದನ. ನಮ್ಮ ಕಡೆಯವರು ಕಂಡರೆ ಗೋಮಾಳ ಎಂದುಬಿಡುವಂಥ ಜಾಗ. ಈ ಬೋಳುಗುಡ್ಡಗಳನ್ನು ಬಳಸಿಕೊಂಡು ಹೋಗಿ ಹೊರಟಲ್ಲಿಗೇ ಬಂದು ಸೇರುವ ಕಾಲುದಾರಿಯೊಂದಿದೆ. ನಡೆಯಲು ಮೂರು ದಿನ ಬೇಕು. ಮೈಥಿಲಿ ಮತ್ತು ಜಯರಾಮ್ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅದನ್ನು ನಡೆಯುತ್ತ ಬಂದಿದ್ದರು. ಮಗಳು ನಿಸರ್ಗಾ ಹುಟ್ಟಿದ ವರ್ಷ ಮತ್ತು ಕೋವಿಡ್ ವರ್ಷ ಬಿಟ್ಟರೆ ತಪ್ಪಿಸಿದ್ದಿಲ್ಲ.

ಈ ಸಲ ಎರಡು ಅಡ್ಡಿಗಳು ಒಟ್ಟಿಗೇ ಬಂದವು. ಚಳಿಗಾಲದಲ್ಲಿ ಮೈಥಿಲಿಯವರ ಎಡ ಮಂಡಿಯ ಆಪರೇಷನ್ ಆಯಿತು. ಅದೇ ಚಳಿಗಾಲದ ಮಳೆ ದಾರಿಯ ಕೊನೆಯಲ್ಲಿರುವ ಹಳ್ಳದ ಮರದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಹಳ್ಳ ದಾಟಿದರೆ ಕಾರು ನಿಲ್ಲಿಸುವ ಜಾಗಕ್ಕೆ ಉಳಿಯುವುದು ಒಂದು ಕಿಲೋಮೀಟರು ಅಷ್ಟೆ. ದಾಟಬಾರದೆಂದು ಪಾರ್ಕಿನವರು ಫಲಕ ಹಾಕಿದರು.

ಜಯರಾಮ್ ಚಿಪ್ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಸೇರದ ಗೆರೆಯನ್ನು ಸುತ್ತು ಎನ್ನಲಾಗದು, ಈ ವರ್ಷ ಬಿಟ್ಟುಬಿಡೋಣ ಎಂದರು. ಹೆಂಡತಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲದ್ದಕ್ಕೆ ಸೇತುವೆಯೊಂದು ನೆಪ. ಅದು ಮೈಥಿಲಿಯವರಿಗೆ ಗೊತ್ತಿತ್ತು. ಒಂದು ವರ್ಷ ಬಿಟ್ಟರೆ ಮುಂದಿನ ವರ್ಷವೂ ಬಿಡುತ್ತಾರೆ, ಅಲ್ಲಿಗೆ ಅದು ಮುಗಿಯುತ್ತದೆ, ಮುಗಿದದ್ದಕ್ಕೆ ತನ್ನ ಕಾಲೇ ಕಾರಣವಾಗುತ್ತದೆ ಎಂಬುದೂ ಗೊತ್ತಿತ್ತು.

ಈ ನಡಿಗೆಯನ್ನು ಶುರುಮಾಡಿದ್ದೇ ಅವರು. ಮದುವೆಯಾಗಿ ಮೈಸೂರಿನ ಅಗ್ರಹಾರದಿಂದ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿಗೆ ಬಂದಾಗ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದದ್ದು ದೂರದ ಈ ಹಸಿರು ಗುಡ್ಡಗಳು ಮಾತ್ರ. ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಗಂಡನನ್ನು ಒಂದು ತಿಂಗಳು ಪೀಡಿಸಿದರಂತೆ. ಹೋದ ಮೇಲೆ, ಪ್ರದಕ್ಷಿಣೆಯ ಹಾಗೆ ಗುಡ್ಡಗಳನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು ಎಂದರು. ಉಳಿದವರೆಲ್ಲ ಏರು ಸಲೀಸೆಂದು ಅವನ್ನು ಎಡಕ್ಕಿಟ್ಟುಕೊಂಡು ಬರುತ್ತಿದ್ದರು. ಹಾಗಾಗಿ ದಾರಿಯುದ್ದಕ್ಕೂ ಇವರಿಗೆ ಎದುರಾದವರು ನೀವು ತಿರುಗುಮುರುಗಾಗಿ ಹೊರಟಿದ್ದೀರಿ ಎಂದು ಎಚ್ಚರಿಸುತ್ತಿದ್ದರು.

ಮುಂದಿನ ವರ್ಷಗಳ ನೆನಪುಗಳೆಲ್ಲ ಆ ದಾರಿಯ ಒಂದೊಂದು ಜಾಗಕ್ಕೆ ಅಂಟಿಕೊಂಡಿವೆ. ಗುಡ್ಡದ ಏಣಿನ ಮೇಲೆ ಗಾರೆಯಿಲ್ಲದೆ ಪೇರಿಸಿದ ಮೋಟು ಕಲ್ಲುಗೋಡೆ. ಅದನ್ನು ಯಾರು, ಏಕೆ ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲ. ಅದರ ಮರೆಯಲ್ಲಿ ಕೂತು ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು ಬೆರೆಸಿ ತಿನ್ನುತ್ತಿದ್ದರು. ಎರಡನೆಯ ದಿನದ ಇಳಿಜಾರಿನಲ್ಲಿ ಒಂದು ಹಾಸುಬಂಡೆ. ಈ ನೆಲದ ಮೊದಲಿಗರು ಅದರ ಮೇಲೆ ಕೂತು ಓಕ್ ಕಾಯಿ ಕುಟ್ಟಿದ್ದರಿಂದ ಬಿದ್ದ ದುಂಡನೆಯ ಗುಳಿಗಳಿವೆ. ಅಗ್ರಹಾರದ ಮನೆಯ ಹಿತ್ತಿಲಲ್ಲಿದ್ದ ಒರಳನ್ನು ಕಂಡಂತಾಗಿ ಮೈಥಿಲಿ ಮೊದಲ ಸಲ ಅಲ್ಲಿಂದ ಏಳಲೇ ಇಲ್ಲ. ಪುಟ್ಟ ನಿಸರ್ಗಾ ಆ ಗುಳಿಯಲ್ಲಿ ಮುಷ್ಟಿಯಿಟ್ಟು ತಿರುವಿ, ದೋಸೆಗೆ ರುಬ್ಬುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೂ ಅಲ್ಲಿಯೇ. ಈಗ ಡ್ಯಾನ್‌ವಿಲ್‌ನಲ್ಲಿರುವ ಅವಳಿಗೆ ಅವಳದೇ ಮಗುವಿದೆ.

ಮೈಥಿಲಿಯವರಿಗೆ ಉಪಾಯ ಹೊಳೆದದ್ದು ಬಾಲ್ಯದ ಒಂದು ಗದರಿಕೆಯಿಂದ. ಅಗ್ರಹಾರದ ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಬೀಳುವ ಗೋಮುಖವನ್ನು ದಾಟುವಂತಿರಲಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಬದಿಯಿಂದ ಮತ್ತೆ ಅದೇ ನೀರಿನ ತನಕ ಹೋಗಬೇಕು. ಮರೆತು ಕಾಲೆತ್ತಿದರೆ ಅಜ್ಜಿ ಲಂಗ ಹಿಡಿದು ಎಳೆಯುತ್ತಿದ್ದರು.

"ಈಶ್ವರನ ಗುಡೀಲಿ ನೀರು ದಾಟಲ್ಲ. ಅದನ್ನ ಅರ್ಧಂಬರ್ಧ ಅಂತ ಯಾರಾದ್ರೂ ಅಂದಿದಾರೇನ್ರೀ?" ಎಂದರು ಗಂಡನಿಗೆ. "ಉದ್ದದ ಕಡೆ ನೀವು ಬನ್ನಿ. ಗಿಡ್ಡದ ಕಡೆ ನಾನು ಬರ್ತೀನಿ."

"ಇದು ಕಳ್ಳದಾರಿ ಕಣೇ."

"ದೇವರೇ ಮಾಡಿದ್ದು. ಹೊರಡಿ."

ಬೀದಿಯ ಕೊನೆಯ ಮನೆಯ ಲೋಹಿತ್ ಜೊತೆಗೆ ಬರಲು ಒಪ್ಪಿದ. ಮೂರನೆಯ ದಿನ ಮಧ್ಯಾಹ್ನ ಗಂಡಸರು ಹಳ್ಳದ ಆ ದಡಕ್ಕೆ ಬರುವುದು, ನಿಸರ್ಗಾ ಅಮ್ಮನನ್ನು ಈ ದಡಕ್ಕೆ ನಡೆಸಿಕೊಂಡು ಬರುವುದು ಎಂದಾಯಿತು. ಆಮೇಲೆ ಗಂಡಸರು ತುಸು ಹಿಂದಕ್ಕೆ ನಡೆದು ಗುಡ್ಡದ ಆ ಬದಿಯ ಗೇಟಿಗೆ ಇಳಿದರೆ ಕಾರು ಫ್ರೀವೇ ಸುತ್ತಿಕೊಂಡು ಅಲ್ಲಿಗೆ ಬರುತ್ತದೆ. ಮೈಥಿಲಿ ಒಂದು ಸಂಗತಿಯನ್ನು ಮಾತ್ರ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಅವರು ನಡೆದ ಅತಿ ದೂರವೆಂದರೆ ಬೀದಿ ತಿರುವಿನ ಅಂಚೆಪೆಟ್ಟಿಗೆ.

ಮೂರನೆಯ ದಿನ ಬೆಳಿಗ್ಗೆ ನಿಸರ್ಗಾ ಫೋನು ಮಾಡಿದಳು. ಮಗುವಿಗೆ ಜ್ವರ, ಡೇಕೇರಿನಿಂದ ಕರೆದುಕೊಂಡು ಬರಬೇಕು. "ಅಮ್ಮಾ, ಪ್ಲೀಸ್, ಡೋಂಟ್ ಗೋ ಅಲೋನ್," ಎಂದಳು. ಗುಡ್ಡದಲ್ಲಿ ಫೋನು ಸಿಗುವುದಿಲ್ಲ. ದಡದಲ್ಲಿ ಯಾರೂ ಕಾಣದಿದ್ದರೆ ಜಯರಾಮ್ ಕತ್ತಲಾಗುವವರೆಗೂ ಕಾಯುತ್ತಾರೆ, ಇಲ್ಲವೇ ನೀರಿಗಿಳಿಯುತ್ತಾರೆ. ಮೈಥಿಲಿ ಫ್ಲಾಸ್ಕಿಗೆ ಕಾಫಿ ತುಂಬಿ, ಊರುಗೋಲು ತೆಗೆದುಕೊಂಡು, ತಾವೇ ಕಾರು ಓಡಿಸಿಕೊಂಡು ಹೊರಟರು.

ಆ ಒಂದು ಕಿಲೋಮೀಟರಿನಲ್ಲಿ ಏರೇನೂ ಇಲ್ಲ. ಹಿಂದೆಲ್ಲ ಅದು ಅವರಿಗೆ ಲೆಕ್ಕಕ್ಕೇ ಇರದ ತುಂಡು. ಬೆನ್ನಿನ ಚೀಲ ಇಳಿಸುವ, ಬಿಸಿನೀರಿನ ಸ್ನಾನದ ಯೋಚನೆಯಲ್ಲಿ ಮುಗಿದುಹೋಗುತ್ತಿತ್ತು. ಈ ಸಲ ಮೊದಲ ಬಾರಿ ಅದನ್ನು ನೋಡಿದರು. ದನಗಳ ಗೇಟಿನ ಚಿಲಕ ತೆಗೆದು, ಮತ್ತೆ ಹಾಕಿ, ಅದಕ್ಕೇ ಒರಗಿ ಸುಧಾರಿಸಿಕೊಂಡರು. ತುಕ್ಕು ಹಿಡಿದ ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತರು. ಮಂಡಿ ಬಿಸಿಯಾಗಿತ್ತು. ಇಲ್ಲಿಂದಲೇ ಹಿಂದಿರುಗಿದರೆ ಕೇಳುವವರಿರಲಿಲ್ಲ. ಎರಡು ಕರುಗಳು ಹುಲ್ಲು ಬಿಟ್ಟು ಅವರನ್ನೇ ನೋಡುತ್ತ ನಿಂತವು. ಆಮೇಲೆ ಎದ್ದರು.

ಹಳ್ಳಕ್ಕೆ ತಲುಪಿದಾಗ ಗಂಡಸರು ಆಗಲೇ ಆ ದಡದಲ್ಲಿದ್ದರು.

"ಬಂದ್ಯಾ?" ನೀರಿನ ಸದ್ದನ್ನು ಮೀರಿ ಜಯರಾಮ್ ಕೂಗಿದರು.

"ಇಲ್ಲ, ಇನ್ನೂ ಮನೇಲೇ ಇದೀನಿ."

ಕಾಫಿಯನ್ನು ದಾಟಿಸುವ ದಾರಿಯಿರಲಿಲ್ಲ. ಮೈಥಿಲಿ ಮುಚ್ಚಳಕ್ಕೆ ಬಗ್ಗಿಸಿಕೊಂಡು ಅವರೆದುರೇ ಕುಡಿದರು. ವಾಸನೆ ಇಲ್ಲಿವರೆಗೂ ಬರ್ತಿದೆ ಆಂಟಿ, ಇದು ಅನ್ಯಾಯ ಎಂದ ಲೋಹಿತ್. ಒರಳುಬಂಡೆ ಹೇಗಿದೆ ಎಂದು ಮೈಥಿಲಿ ಕೇಳಿದರು. ಗುಳಿಗಳ ತುಂಬ ಮಳೆನೀರು ನಿಂತಿದೆ ಎಂದರು ಜಯರಾಮ್. ಆಗ ಅವರಿಗೆ ಹೆಂಡತಿಯ ಹಿಂದೆ ಯಾರೂ ಇಲ್ಲದ್ದು ಕಂಡಿತು.

"ನಿಸರ್ಗಾ ಎಲ್ಲಿ?"

"ಮಗೂಗೆ ಜ್ವರ. ಬರಲಿಲ್ಲ."

ಜಯರಾಮ್ ಅಲ್ಲೇ ಕೂತು ಶೂ ಬಿಚ್ಚತೊಡಗಿದರು. ಲೋಹಿತ್ ಅವರ ತೋಳು ಹಿಡಿದ. ತೊಡೆಮಟ್ಟದ ನೀರು ಮಣ್ಣುಬಣ್ಣಕ್ಕೆ ತಿರುಗಿ ರಭಸದಿಂದ ಹರಿಯುತ್ತಿತ್ತು.

"ದಾಟಬೇಡಿ," ಎಂದರು ಮೈಥಿಲಿ. ದನಿ ಏರಿಸಲಿಲ್ಲ, ಆದರೂ ಕೇಳಿಸಿತು. "ಬಂದಿದೀನಿ ತಾನೇ? ಬಂದ ಹಾಗೇ ಹೋಗ್ತೀನಿ. ನೀವು ಆ ಕಡೆ ಗೇಟ್ ಹತ್ರ ಬನ್ನಿ."

ಜಯರಾಮ್ ಬಿಚ್ಚಿದ ಶೂ ಕೈಯಲ್ಲಿ ಹಿಡಿದುಕೊಂಡೇ ನಿಂತರು. ಮೈಥಿಲಿ ಫ್ಲಾಸ್ಕಿನ ಮುಚ್ಚಳ ತಿರುಪಿ, ಊರುಗೋಲು ಎತ್ತಿಕೊಂಡು, ನೀರಿಗೆ ಬೆನ್ನು ಹಾಕಿ ಹೊರಟರು. ತಿರುಗಿ ನೋಡಲಿಲ್ಲ. ತಾನು ತೊಟ್ಟಿಯ ಆಚೆ ಮರೆಯಾಗುವ ತನಕ ಅವರು ಅಲ್ಲಿಂದ ಕದಲುವುದಿಲ್ಲ ಎಂದು ಗೊತ್ತಿದ್ದರಿಂದ ಈ ಸಲ ತೊಟ್ಟಿಯ ಮೇಲೆ ಕೂರಲೂ ಇಲ್ಲ. ಅದನ್ನು ದಾಟಿ, ದಾರಿ ತಿರುಗಿದ ಮೇಲೆ, ದನಗಳ ಗೇಟಿಗೆ ಒರಗಿ ಬಹಳ ಹೊತ್ತು ನಿಂತರು.

ಫ್ರೀವೇ ಸುತ್ತಿಕೊಂಡು ಮೈಥಿಲಿ ಆ ಬದಿಯ ಗೇಟಿಗೆ ಕಾರು ತಂದಾಗ ಬಿಸಿಲು ಇಳಿದಿತ್ತು. ಜಯರಾಮ್ ಚೀಲವನ್ನು ಹಿಂದಿಟ್ಟು, ಪಕ್ಕದ ಸೀಟಿನಲ್ಲಿ ಕೂತು, ಫ್ಲಾಸ್ಕ್ ಅಲ್ಲಾಡಿಸಿ ನೋಡಿದರು. ಅರ್ಧ ಉಳಿದಿತ್ತು.