ಅಪ್ಪನ ಕೈಯ ಮದ್ದು

ಕೀಲುನೋವಿಗೆ ಹೊಸ ಔಷಧಿ ಬರಲಿದೆ ಎಂದು ಪೇಪರಿನಲ್ಲಿ ಓದಿದರೆ ಬೇರೆಯವರಿಗೆ ಖುಷಿಯಾಗುತ್ತದೆ. ನನಗೆ ಎದೆ ಹೊಡೆದುಕೊಳ್ಳುತ್ತದೆ. ನನ್ನ ಎರಡೂ ಮೊಣಕಾಲು ಸವೆದಿವೆ, ಬೆರಳಿನ ಗೆಣ್ಣುಗಳು ಶುಂಠಿಯ ಹಾಗೆ ಗಂಟುಗಂಟಾಗಿವೆ. ಹೋದ ತಿಂಗಳು ಡಾಕ್ಟರೊಬ್ಬ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಅಜ್ಜಿ, ಇದನ್ನು ಮೊದಲೆಲ್ಲ ಬರೀ ಮುಪ್ಪಿನ ಸವೆತ ಅಂತಿದ್ರು. ಕೀಲಿನ ಒಳಗೆ ಸಣ್ಣಗೆ ಉರಿಯೂತವೂ ನಡೀತಿರ್ತದೆ ಅಂತ ಈಗ ಸಂಶೋಧನೆ ಮಾಡಿದವರು ಹೇಳ್ತಾರೆ. ಮುಂದೆ ಅದಕ್ಕೇ ನೇರವಾಗಿ ಮದ್ದು ಬರಬಹುದು" ಎಂದ. ಎಳೆಯ ಹುಡುಗ, ಪಾಪ, ನನಗೆ ಧೈರ್ಯ ಹೇಳುತ್ತಿದ್ದ. "ಬಂದ ಮೇಲೆ ಅದನ್ನ ಬಿಡೋದು ಹೇಗೆ ಅಂತಲೂ ಹೇಳ್ತಾರಾ?" ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕಾದರೆ ಅವನು ನನ್ನ ಅಪ್ಪನನ್ನು ನೋಡಬೇಕಿತ್ತು.

ನಮ್ಮದು ಶಿರಸಿಯಲ್ಲಿ ಗಂಧದ ಕೆತ್ತನೆಯ ಮನೆ. ಅಪ್ಪ ಜಗಲಿಯ ಮೇಲೆ ಕೂತು, ಗಂಧದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಉಳಿ ಆಡಿಸುತ್ತಿದ್ದ. ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯ ನಡುವೆ ಗಿಳಿ, ಗಿಳಿಯ ಕೊಕ್ಕಿನಲ್ಲಿ ಕಾಳು. ಕಾಳು ಎಷ್ಟು ಸಣ್ಣದೆಂದರೆ ಕೊಳ್ಳಲು ಬಂದವರು ಕನ್ನಡಕ ಏರಿಸಿ ನೋಡುತ್ತಿದ್ದರು. ಮದುವೆಯ ಕಾಲದಲ್ಲಿ ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು ಬೆಂಡಿನ ಬಾಸಿಂಗ ಕಟ್ಟುತ್ತಿದ್ದೆವು. ಅದು ಹೆಂಗಸರ ಕೆಲಸ. ಉಳಿ ಮಾತ್ರ ಅಪ್ಪನದು.

ನಮ್ಮ ಜಿಲ್ಲೆ ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅಪ್ಪನ ಬೆರಳು ಊದಲು ಸುರುವಾಯಿತು. ಅವನಿಗಿನ್ನೂ ನಲವತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲು ಬಾರದು. ಬಿಸಿನೀರಿನಲ್ಲಿ ಕೈ ಅದ್ದಿ ಕೂತು, ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಉಳಿ ಹಿಡಿಯುವನು. ಲಕ್ಕಿ ಸೊಪ್ಪಿನ ಶಾಖ ಕೊಟ್ಟದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ದೇವರಿಗೆ ಹೇಳಿಕೊಂಡದ್ದೂ ಆಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈಯೇ ಬಾತರೆ ಬಾಯಿಗೆ ಏನು ಗತಿ ಎಂದು ಯಾರೂ ಹೇಳಿಟ್ಟಿಲ್ಲ. ಎರಡು ವರ್ಷದಲ್ಲಿ ಗಿಳಿಯ ಕೊಕ್ಕಿನಿಂದ ಕಾಳು ಹೋಯಿತು, ಆಮೇಲೆ ಗಿಳಿಯೇ ಹೋಯಿತು, ಬರೀ ಬಳ್ಳಿ ಉಳಿಯಿತು.

ಆಗ ಹಾವೇರಿ ಕಡೆಯ ಒಬ್ಬ ಡಾಕ್ಟರು ಪೇಟೆಯಲ್ಲಿ ದವಾಖಾನೆ ಇಟ್ಟಿದ್ದರು. ಅವರಿಗೆ ಪರದೇಶದ ವೈದ್ಯಕೀಯ ಪತ್ರಿಕೆಗಳು ಟಪಾಲಿನಲ್ಲಿ ಬರುತ್ತಿದ್ದವು. ಅಪ್ಪನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಇದಕ್ಕ ಹೊಸಾ ಗುಳಿಗಿ ಬಂದಾವ್ರಿ. ಭಾಳ ಜೋರಿನ ಔಷಧ. ಹುಬ್ಬಳ್ಳಿಯಿಂದ ತರಸತೇನಿ" ಎಂದರು. ಕಿರವತ್ತಿ, ಯಲ್ಲಾಪುರದ ಮೇಲಿಂದ ಬರುವ ಬಸ್ಸಿನ ಡ್ರೈವರ್ ಸಾಹೇಬರ ಕೈಯಲ್ಲಿ ಪೊಟ್ಟಣ ಬಂತು. ಈಗ ಸ್ಟೀರಾಯ್ಡ್ ಎಂದು ಎಲ್ಲರೂ ಬಲ್ಲ ಔಷಧಿ ಅದು. ಆಗ ನಮ್ಮ ಮನೆಯಲ್ಲಿ ಅದಕ್ಕೆ 'ಕೈಯ ಮದ್ದು' ಎಂದೇ ಹೆಸರಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಕರೆದ. "ಕೂಸೆ, ಇಲ್ಲಿ ಬಾ, ನೋಡು" ಎಂದು ಮುಷ್ಟಿ ಮಡಚಿ ಬಿಚ್ಚಿ ತೋರಿಸಿದ. ಮತ್ತೆ ಮಡಚಿದ, ಮತ್ತೆ ಬಿಚ್ಚಿದ. ಅವನು ಅಷ್ಟು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಯಿ ಒಳಗೆ ಹೋಗಿ ಅತ್ತಳು. ತಿಂಗಳೊಪ್ಪತ್ತಿನಲ್ಲಿ ಗಿಳಿ ಬಂತು, ಕಾಳೂ ಬಂತು. ಅಪ್ಪನ ಮುಖ ದುಂಡಗಾಯಿತು, ಕೆನ್ನೆ ಕೆಂಪಾಯಿತು. ಕಂಡವರೆಲ್ಲ ಮೈ ತುಂಬಿಕೊಂಡಿದ್ದಾನೆ ಅಂದರು. ಅದು ಮದ್ದು ಊದಿಸಿದ ಮುಖ ಎಂದು ನಮಗೆ ಯಾರಿಗೆ ಗೊತ್ತಿತ್ತು?

ಡಾಕ್ಟರಿಗೆ ಗೊತ್ತಿತ್ತು. ಒಂದು ದಿನ ಗುಳಿಗೆ ತರಲು ಹೋದಾಗ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು. "ತಂಗಿ, ನೀ ಮುಲ್ಕಿ ಪಾಸಾದಾಕಿ, ಅದಕ್ಕ ನಿನಗ ಹೇಳತೇನಿ. ಈ ಗುಳಿಗಿ ಒಂದು ದಿನಾನೂ ತಪ್ಪಸಬ್ಯಾಡ. ನಾ ಹೇಳೂತನಕ ನಿಲ್ಲಸಬ್ಯಾಡ. ನಿಮ್ಮಪ್ಪಗ ಹೇಳಿದ್ರ ತಲಿ ಅಲ್ಲಾಡಸ್ತಾನ, ಕೇಳೂದಿಲ್ಲ." ನನಗೆ ಹದಿನಾರು ವರ್ಷ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿದ್ದೆ. ಸರಿ ಎಂದು ತಲೆ ಅಲ್ಲಾಡಿಸಿದೆ. ಅಪ್ಪನ ಮಗಳಲ್ಲವೇ?

ಅಪ್ಪ ಆ ಗುಳಿಗೆಯ ಶೀಸೆಯನ್ನು ಉಳಿಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಕೈಯ ಮದ್ದು ಕೈಯ ಸಾಮಾನಿನ ಜೊತೆ ಇರಬೇಕು ಎಂಬುದು ಅವನ ಲೆಕ್ಕ. ಬೆಳಿಗ್ಗೆ ಪೆಟ್ಟಿಗೆಗೆ ಕೈಮುಗಿದು, ಮುಚ್ಚಳ ತೆಗೆದು, ಮೊದಲು ಗುಳಿಗೆ ನುಂಗಿ ಆಮೇಲೆ ಉಳಿ ಎತ್ತುತ್ತಿದ್ದ. ಅಮಾವಾಸ್ಯೆಗೆ ನಮ್ಮಲ್ಲಿ ಉಳಿ ಮುಟ್ಟುವುದಿಲ್ಲ. ಆ ದಿನ ಗುಳಿಗೆಯೂ ತಪ್ಪುತ್ತಿತ್ತೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಒಂದು ದಿನ ತಪ್ಪಿದರೆ ಮೈ ಹೇಗೋ ತಡೆದುಕೊಳ್ಳುತ್ತಿತ್ತು.

ಹೀಗೆ ವರ್ಷದ ಮೇಲಾಯಿತು. ಒಂದು ದಿನ ಸಿದ್ದಾಪುರದಿಂದ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ಅಪ್ಪ ಹೋಗಿ ಅಣ್ಣನ ದಹನ ಮುಗಿಸಿ ಬಂದು, ಸ್ನಾನ ಮಾಡಿ, ಉಳಿಗಳನ್ನೆಲ್ಲ ಕೆಂಪು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಬಾಳೆನಾರಿನಿಂದ ಕಟ್ಟಿದ. ಸೂತಕ ಕಳೆದು ಶುದ್ಧವಾಗುವವರೆಗೆ ಆ ಪೆಟ್ಟಿಗೆ ಬಿಚ್ಚುವ ಹಾಗಿಲ್ಲ. ಅದು ನಮ್ಮ ಮನೆಯ ಪದ್ಧತಿ. ಹಿಂದೆ ನಮ್ಮ ಪೈಕಿಯ ಒಬ್ಬರು ಅರ್ಧ ಸೂತಕದಲ್ಲಿ ಬಿಚ್ಚಿ ಕೆಲಸ ಮುಗಿಸಿಕೊಟ್ಟರಂತೆ, ಅಂದಿನಿಂದ ಅವರ ಕೈ ನಡುಗತೊಡಗಿ ಕೆತ್ತನೆಯೇ ಹೋಯಿತಂತೆ. ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದ ಅತ್ತೆ, ಈ ಕತೆಯನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಬಾಳೆನಾರಿನ ಗಂಟು ಬಿದ್ದ ಕೂಡಲೇ ನನಗೆ ಗುಳಿಗೆಯ ನೆನಪಾಯಿತು. "ಅಪ್ಪ, ಶೀಸೆ ಒಳಗೇ ಉಳೀತಲ್ಲ" ಅಂದೆ.

"ಉಳೀಲಿ ಬಿಡು."

"ಡಾಕ್ಟರು ಒಂದಿನಾನೂ ಬಿಡಬೇಡ ಅಂದಿದ್ದಾರೆ."

"ಕೆಲಸ ಇದ್ದಾಗ ಬಿಡಬೇಡ ಅಂದಿದ್ದು ಅದು. ಸುಮ್ಮನೆ ಕೂತ ಕೈಗೆ ಮದ್ದು ಎಂತಕ್ಕೆ? ಹತ್ತು ದಿನ ಬಿಟ್ರೆ ಸತ್ತು ಹೋಗ್ತೇನಾ ನಾನು?"

ಸಾವಿನ ಮನೆಯಲ್ಲಿ ಅಂಥ ಮಾತು ಆಡಿದ್ದಕ್ಕೆ ಆಯಿ ಅಪ್ಪನನ್ನು ಗದರಿದಳು. ನನ್ನನ್ನು ಅತ್ತೆ ಗದರಿದಳು. "ಮುಲ್ಕಿ ಪಾಸಾಗಿದ್ದು ಅಪ್ಪಂಗೆ ಬುದ್ಧಿ ಹೇಳೂಕಾ?" ಎಂದಳು.

ಎರಡನೆಯ ದಿನಕ್ಕೆ ಬೆರಳುಗಳು ಮತ್ತೆ ಬಾತವು. ಮೂರನೆಯ ದಿನ ಅಪ್ಪ ಅರ್ಧ ಊಟಕ್ಕೆ ಎದ್ದ. ನಾಲ್ಕನೆಯ ದಿನ ಉಂಡದ್ದನ್ನು ವಾಂತಿ ಮಾಡಿಕೊಂಡ, ಎದ್ದು ನಿಂತರೆ ತಲೆ ತಿರುಗುತ್ತದೆ ಎಂದ. "ಒಡಹುಟ್ಟಿದವ ಹೋದ್ರೆ ಅನ್ನ ಸೇರ್ತದಾ?" ಎಂದಳು ಅತ್ತೆ. ಆಯಿಯೂ ಹೌದೆಂದಳು. ಮನೆಯಲ್ಲಿ ಎಲ್ಲರೂ ಅದನ್ನು ದುಃಖ ಎಂದುಕೊಂಡರು. ಅದು ದುಃಖವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ, ನುಂಗಲೂ ಆಗದು ಉಗುಳಲೂ ಆಗದು.

ಆ ದಿನಗಳಲ್ಲಿ ನಾನು ಮಾಡಿದ್ದನ್ನು ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುವುದು, ಗಂಟು ಮುಟ್ಟುವುದು, ಕೈ ತೆಗೆಯುವುದು. ಬಿಚ್ಚಿದೆ ಎಂದಿಟ್ಟುಕೊಳ್ಳಿ, ಅಪ್ಪ ತಾನಾಗಿಯೇ ಸುಧಾರಿಸಿಕೊಂಡು ಎದ್ದ, ಆದರೆ ಕೈಯಿಂದ ಗಿಳಿ ಹಾರಿಹೋಯಿತು, ಆಗ? ಬಿಚ್ಚಲಿಲ್ಲ, ಅಪ್ಪ ಏಳಲೇ ಇಲ್ಲ, ಆಗ? ಡಾಕ್ಟರ ಹತ್ತಿರ ಹೋಗಿ ಹೇಳೋಣವೆಂದು ಎರಡು ಸಲ ಬೀದಿಯ ತಿರುವಿನವರೆಗೆ ಹೋದೆ. ಸೂತಕದವಳು ಎಲ್ಲಿ ಹೊರಟೆ ಎಂದು ಯಾರಾದರೂ ಕೇಳಿದರೆ ಎಂದು ಹೆದರಿ ವಾಪಸು ಬಂದೆ. ಯಾರೂ ಕೇಳಿರಲಿಲ್ಲ. ಅದು ನನ್ನದೇ ನೆವ.

ಐದನೆಯ ದಿನ ಅಪ್ಪ ಮಾತು ಕಡಿಮೆ ಮಾಡಿದ. ಹತ್ತಿರ ಕೂತು, "ಅಪ್ಪ, ಹೇಗಿದೆ?" ಎಂದರೆ, "ಅಡ್ಡಿಲ್ಲ" ಎನ್ನುವನು. ಹಾಗೆನ್ನಲೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ನಾನು ಡಾಕ್ಟರ ಹತ್ರ ಹೋಗಿ ಬರ್ಲಾ?" ಎಂದೆ. ಬೇಡ ಎಂದು ತಲೆಯಾಡಿಸಿದ. ನಾನು ಮತ್ತೆ ಕೇಳಲಿಲ್ಲ.

ಆರನೆಯ ದಿನ ಬೆಳಿಗ್ಗೆ ಬಚ್ಚಲಿಗೆ ಹೋದವನು ಬಾಗಿಲಲ್ಲೇ ಕುಸಿದ. ಆಯಿ ಕೂಗಿದ್ದು ಕೇಳಿ ಓಡಿದೆ. ಮೈ ತಣ್ಣಗಿತ್ತು, ಬೆವರಿತ್ತು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ. ನಾನು ಒಳಗೆ ಹೋಗಿ ಚೂರಿಯಿಂದ ಬಾಳೆನಾರು ಕೊಯ್ದೆ. ಅತ್ತೆ ಬಂದು ನನ್ನ ಕೈ ಹಿಡಿದಳು. "ಅವನ ಕೈ ಕಳೀಬೇಡ್ವೆ" ಎಂದಳು. ಅವಳನ್ನು ದೂಡಿಯೇಬಿಟ್ಟೆ. ಹಿರಿಯಳನ್ನು, ಸೂತಕದ ಮನೆಯಲ್ಲಿ. ಒಂದು ಗುಳಿಗೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಬಾಯಿಗೆ ಹಾಕಿದೆ, ಅದು ಹೊರಗೆ ಬಂತು. ಶೀಸೆಯನ್ನು ಮುಷ್ಟಿಯಲ್ಲಿ ಹಿಡಿದು ದವಾಖಾನೆಗೆ ಓಡಿದೆ.

ಡಾಕ್ಟರು ಶೀಸೆಯನ್ನು ನೋಡಿದರು, ನನ್ನ ಮುಖ ನೋಡಿದರು. "ಎಷ್ಟು ದಿನಾ ಆತು?" ಎಂದು ಕೇಳಿದರು. ಆರು ಎಂದೆ. ಅವರು ಮತ್ತೇನೂ ಕೇಳದೆ ಚೀಲ ಎತ್ತಿಕೊಂಡು ನನಗಿಂತ ಮುಂದೆ ನಡೆದರು. ಸೂತಕದ ಮನೆ ಎಂದು ಹೊಸ್ತಿಲಲ್ಲಿ ನಿಲ್ಲಲಿಲ್ಲ. ರಕ್ತದ ಒತ್ತಡ ನೋಡಿ ತುಟಿ ಕಚ್ಚಿಕೊಂಡರು. ಇಂಜೆಕ್ಷನ್ ಕೊಟ್ಟು, ತೊಟ್ಟಿಲ ಕೊಂಡಿಗೆ ಸಲೈನ್ ಬಾಟಲಿ ಕಟ್ಟಿ, ಪಕ್ಕದಲ್ಲೇ ಕೂತರು. ನನಗೆ ಕಾಣುತ್ತಿದ್ದದ್ದು ಬಾಟಲಿಯಲ್ಲಿ ಏಳುವ ಗುಳ್ಳೆಗಳು ಮಾತ್ರ. ಒಂದು ಗುಳ್ಳೆ ಏಳುವುದು ತಡವಾದರೂ ಅಪ್ಪನ ಎದೆ ನೋಡುತ್ತಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಪ್ಪ ನೀರು ಕೇಳಿದ. ಸ್ವಲ್ಪ ಹೊತ್ತಿಗೆ ಗಂಜಿ ಕೇಳಿದ. ಎರಡು ಗುಟುಕು ಕುಡಿದು ಉಪ್ಪು ಸಾಲದು ಅಂದ. ಆಯಿ ಅಳುತ್ತ ಅಳುತ್ತಲೇ ಉಪ್ಪು ತರಲು ಎದ್ದಳು.

ಡಾಕ್ಟರು ಹೊರಡುವಾಗ ನಮ್ಮನ್ನೆಲ್ಲ ಕೂರಿಸಿ ಹೇಳಿದರು. "ಈ ಔಷಧ ನಮ್ಮ ಮೈಯಾಗೂ ತಯಾರಾಗತದ. ಹೊರಗಿಂದ ದಿನಾ ಕೊಟ್ಟರ ಒಳಗಿಂದು ಮಲಕೊಂಡುಬಿಡತದ. ಒಮ್ಮೆಲೇ ನಿಲ್ಲಿಸಿದ್ರ ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ. ಇದು ಬರೇ ಕೈಗೆ ಅಲ್ಲ, ಜೀವಕ್ಕ." ಆಮೇಲೆ ದನಿ ತಗ್ಗಿಸಿ, "ಯಾಕ ಅಂತ ನಾ ಮೊದಲ ಬಿಡಿಸಿ ಹೇಳಬೇಕಾಗಿತ್ತು. ನಿಲ್ಲಸಬ್ಯಾಡ ಅಂತಷ್ಟ ಹೇಳಿದೆ" ಎಂದರು. ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯರನ್ನು ನಾನು ಮೊದಲು ನೋಡಿದ್ದು ಆಗಲೇ.

ಇನ್ನು ಈ ಮದ್ದನ್ನು ಇಳಿಸುತ್ತ ಬರಬೇಕು ಎಂದು ಅವರು ತೀರ್ಮಾನಿಸಿದರು. ಎಲುಬು ಸೊರಗುತ್ತದೆ, ಹೊಟ್ಟೆ ಹುಣ್ಣಾಗುತ್ತದೆ ಎಂದು ಅವರ ಪತ್ರಿಕೆಗಳಲ್ಲಿ ಆಗ ಹೊಸ ಹೊಸ ಸುದ್ದಿ ಬರುತ್ತಿದ್ದವಂತೆ. ಒಂದರಿಂದ ಮುಕ್ಕಾಲು, ಮುಕ್ಕಾಲಿನಿಂದ ಅರ್ಧ. ಗುಳಿಗೆ ಕತ್ತರಿಸಿ ಕೊಡುವುದು ನನ್ನ ಪಾಲಿಗೆ ಬಂತು. ಪ್ರತಿ ತುಂಡಿನ ಜೊತೆ ಅಪ್ಪನ ಬೆರಳು ಇಷ್ಟಿಷ್ಟೇ ಬಾಗುತ್ತಿತ್ತು. ನಾನೇ ಕತ್ತರಿಸುತ್ತಿದ್ದೆ, ನಾನೇ ನೋಡುತ್ತಿದ್ದೆ. ಗುಳಿಗೆ ಪೂರ್ತಿ ನಿಂತಾಗ ಜೀವ ಗಟ್ಟಿಯಾಗಿತ್ತು, ಬೆರಳುಗಳು ಹೊರಮಗ್ಗುಲಿಗೆ ವಾಲಿ ನಿಂತಿದ್ದವು. ಅಪ್ಪ ಮತ್ತೆ ಉಳಿ ಹಿಡಿಯಲಿಲ್ಲ. ಲೋಟವನ್ನು ಎರಡು ಅಂಗೈ ನಡುವೆ ಇಟ್ಟು ಕುಡಿಯುತ್ತಿದ್ದ.

ಕೈ ಹೋದದ್ದಕ್ಕೆ ಅತ್ತೆಗೆ ಕಾರಣ ಗೊತ್ತೇ ಇತ್ತು, ಸೂತಕದಲ್ಲಿ ನಾನು ಪೆಟ್ಟಿಗೆ ಬಿಚ್ಚಿದ್ದು. ನನಗೆ ಹೇಳುತ್ತಿರಲಿಲ್ಲ, ನಾನಿದ್ದಾಗ ಬೇರೆಯವರಿಗೆ ಹೇಳುತ್ತಿದ್ದಳು. ಡಾಕ್ಟರ ಮಾತು ಎಷ್ಟೇ ಸರಿಯಿರಲಿ, ಒಂದು ಹೆದರಿಕೆ ನನ್ನನ್ನು ಬಿಡಲಿಲ್ಲ. ಅಪ್ಪನೂ ಹಾಗೇ ತಿಳಿದಿದ್ದರೆ? ಅವನು ಆ ದಿನದ ಸುದ್ದಿಯನ್ನು ಒಮ್ಮೆಯೂ ಎತ್ತಿರಲಿಲ್ಲ. ಎತ್ತದೆ ಇದ್ದದ್ದೇ ನನಗೆ ಸಾಕ್ಷಿಯಂತೆ ಕಾಣುತ್ತಿತ್ತು. ಊಟಕ್ಕೆ ಬಡಿಸುವಾಗ, ಅಂಗಿಯ ಗುಂಡಿ ಹಾಕುವಾಗ, ಈಗ ಕೇಳುತ್ತಾನೆ, ಈಗ ಬೈಯುತ್ತಾನೆ ಎಂದು ಕಾಯುತ್ತಿದ್ದೆ. ನಾಲ್ಕು ವರ್ಷ ಹೀಗೆ ಕಳೆದೆ.

ನನ್ನ ಮದುವೆ ಗೊತ್ತಾಗಿತ್ತು. ಜಗಲಿಯಲ್ಲಿ ಕೂತು ಬಾಸಿಂಗಕ್ಕೆ ಬೆಂಡು ಕತ್ತರಿಸುತ್ತಿದ್ದೆ, ಅಪ್ಪ ಎದುರಿಗೆ ಕೂತು ನೋಡುತ್ತಿದ್ದ. ಒಳಗೆ ಅತ್ತೆ ಕಾನಸೂರಿನಿಂದ ಬಂದ ನೆಂಟರ ಹೆಂಗಸಿಗೆ ಅದೇ ಕತೆ ಹೇಳುತ್ತಿದ್ದಳು. "ಈ ಕೂಸು ಸೂತಕದಲ್ಲಿ ಪೆಟ್ಟಿಗೆ ಬಿಚ್ತು ನೋಡಿ, ತಮ್ಮನ ಕೈ ಹೋಯ್ತು." ಮಾತು ಅಪ್ಪನಿಗೂ ನನಗೂ ಕೇಳಿಸಿತು. ಇನ್ನು ಹತ್ತು ದಿನಕ್ಕೆ ಈ ಮನೆ ಬಿಡುವವಳು, ಈಗ ಕೇಳದಿದ್ದರೆ ಎಂದಿಗೂ ಇಲ್ಲ ಅನ್ನಿಸಿತು.

"ಅಪ್ಪ, ನಾನು ಬಿಚ್ಚಿದ್ದಕ್ಕೇ ಕೈ ಹೋಯ್ತು ಅಂತ ನಿಂಗೂ ಅನ್ನಿಸ್ತದಾ?"

ಅಪ್ಪನಿಗೆ ಆಶ್ಚರ್ಯವಾದಂತೆ ಕಂಡಿತು. "ಅಕ್ಕಂಗೆ ಬೇರೆ ಕೆಲಸ ಇಲ್ಲ. ಬಿಚ್ಚಿದ್ದಕ್ಕೇ ನಾನು ಇಲ್ಲಿ ಕೂತಿದ್ದು" ಎಂದ. ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಅವನು ನೆಲಕ್ಕೆ ಬಿದ್ದ ಬೆಂಡಿನ ಚೂರನ್ನು ಅಂಗೈಯಿಂದ ನನ್ನ ಕಡೆ ಸರಿಸಿ, "ನಂಗೂ ಒಂದು ಕೇಳ್ಬೇಕು ಅಂತ ಇತ್ತು ಕೂಸೆ. ಡಾಕ್ಟರು ನಿಂಗೆ ಮೊದಲೇ ಹೇಳಿದ್ರು. ಬಿಡಬಾರದು ಅಂತ ನಿಂಗೆ ಗೊತ್ತಿತ್ತು. ಮತ್ತೆ ಆರು ದಿನ ಎಂತಕ್ಕೆ ಕಾದೆ?" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದ, ಅಷ್ಟೇ.

"ನೀನು ಬೈತೀಯ ಅಂತ ಹೆದರಿಕೆ ಆಗಿತ್ತು" ಎಂದೆ.

ಅಪ್ಪ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡ.

"ಬೈಸ್ಕೊಂಡಿದ್ರೆ ಆಗ್ತಿತ್ತಲ್ಲೆ ಕೂಸೆ" ಎಂದ.