ಟೈಪಿಸ್ಟಕ್ಕನ ಸ್ವಂತ ದೂರು

ಕೋರ್ಟಿನ ಎದುರು ಓಣಿಯಲ್ಲಿ, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಊರವರ ದೂರುಗಳನ್ನೆಲ್ಲ ಟೈಪು ಮಾಡಿಕೊಟ್ಟವಳು ಟೈಪಿಸ್ಟಕ್ಕ. ತನ್ನದೂ ಒಂದಿದ್ದೀತೆಂದು ಅವಳು ಎಣಿಸಿರಲಿಲ್ಲ.

ಗಂಡ ತೀರಿಕೊಂಡ ಮೂರನೇ ತಿಂಗಳು, ಒಂಬತ್ತನೇ ತರಗತಿಯ ಮಗಳು ನೋಟ್‌ಬುಕ್ಕಿನ ಕೊನೆಯಲ್ಲಿ ‘ಅಪ್ಪ ಇಲ್ಲದೆ ಯಾವುದೂ ಬೇಡ ಅನ್ನಿಸುತ್ತೆ’ ಎಂದು ಗೀಚಿದ್ದಳು. ಅದು ಹೆಡ್‌ಮಿಸ್ ಕಣ್ಣಿಗೆ ಬಿತ್ತು. ಆಕೆ ನೇರ ತರಗತಿಗೇ ಬಂದು, ನಲವತ್ತು ಮಕ್ಕಳೆದುರು ಹುಡುಗಿಯ ಬ್ಯಾಗು ಕಟ್ಟಿಸಿದರು.

“ತಲೆ ಸರಿಯಿದೆ ಅಂತ ಡಾಕ್ಟರ್ ಬರ್ಕೊಡ್ಲಿ, ಆಮೇಲೆ ಬಾ.”

ಮನೋವೈದ್ಯರು ಎರಡು ಸಲ ಮಾತಾಡಿಸಿ ಬರೆದುಕೊಟ್ಟರು: ಇದು ದುಃಖ, ಗೆಳತಿಯರ ಜೊತೆಗಿರುವುದೇ ಒಳ್ಳೆಯದು. ಹೆಡ್‌ಮಿಸ್ ಆ ಕಾಗದವನ್ನು ಪಕ್ಕಕ್ಕೆ ಸರಿಸಿದರು. “ಮುಂದೆ ಏನೂ ಆಗಲ್ಲ ಅಂತ ಬರ್ದಿಲ್ವಲ್ಲ. ಅದನ್ನ ಬರೆಸ್ಕೊಂಡ್ ಬನ್ನಿ.”

ಡಾಕ್ಟರ್ ನಕ್ಕುಬಿಟ್ಟರು. “ಅಂಥ ಗ್ಯಾರಂಟಿ ನನಗೇ ನಾನು ಬರ್ಕೊಳ್ಳಲ್ಲಮ್ಮ.”

ಹೀಗೆ ಅಲೆಯುವಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದೇಹೋಯಿತು. ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವತ್ತು ಟೈಪಿಸ್ಟಕ್ಕ ಹಲ್ಲುಕಚ್ಚಿ ಮಷೀನಿನ ಮುಂದೆ ಕೂತಳು.

ಶಿಕ್ಷಣ ಇಲಾಖೆಗೆ ಹನ್ನೊಂದು ಪುಟದ ದೂರು. ಬೈಗುಳ ಒಂದೂ ಇಲ್ಲ. ಯಾವ ಮಾತಿಗೆ ಅಧಿಕಾರಿಗಳ ಕಿವಿ ನೆಟ್ಟಗಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೀಗೇ ಹೊರಗೆ ಹಾಕಿಸಿಕೊಂಡ ಇನ್ನಿಬ್ಬರು ಮಕ್ಕಳ ತಾಯಂದಿರನ್ನೂ ಹುಡುಕಿ ಸಹಿ ಹಾಕಿಸಿದಳು.

ವಿಚಾರಣೆಯ ದಿನ ಶಿಕ್ಷಣಾಧಿಕಾರಿ ಕೇಳಿದರು: “ಯಾವ ನಿಯಮದ ಪ್ರಕಾರ ಕಳಿಸಿದ್ರಿ ಮೇಡಂ?”

ಹೆಡ್‌ಮಿಸ್ ಫೈಲು ತಡಕಾಡಿದರು. ಅಂಥ ನಿಯಮ ಇರಲೇ ಇಲ್ಲ. ಶಾಲೆಗೆ ಕೆಟ್ಟ ಹೆಸರು ಬಂದೀತೆಂಬ ಭಯವಷ್ಟೇ ಇದ್ದದ್ದು. ಆಕೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವುದನ್ನು ಟೈಪಿಸ್ಟಕ್ಕ ಕಣ್ತುಂಬ ನೋಡಿದಳು.

ಮಗಳಿಗೆ ಮರುಪರೀಕ್ಷೆ, ಹೆಡ್‌ಮಿಸ್‌ಗೆ ಹಿಂಬಡ್ತಿ ಎಂದು ಆದೇಶವಾಯಿತು. ಜೊತೆಗೆ ಲಿಖಿತ ಕ್ಷಮಾಪಣೆ. ಅದನ್ನು ಅದೇ ತರಗತಿಯಲ್ಲಿ, ಅದೇ ಮಕ್ಕಳೆದುರು ಓದಬೇಕೆಂದು ಟೈಪಿಸ್ಟಕ್ಕ ಪಟ್ಟು ಹಿಡಿದಳು. ಓದುವಾಗ ತಾನೂ ಬಾಗಿಲಲ್ಲಿ ನಿಂತಳು. ಹೆಡ್‌ಮಿಸ್ ತಗ್ಗಿದ ದನಿಯಲ್ಲಿ, ಎರಡು ಕಡೆ ತಡವರಿಸಿ, ಹೇಗೋ ಮುಗಿಸಿದರು.

“ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ,” ಎಂದಳು ಟೈಪಿಸ್ಟಕ್ಕ. “ಇನ್ನೊಂದ್ಸಲ ಓದಿ.”

ಓದಿದರು.

ಮನೆಗೆ ಹೋಗುವ ದಾರಿಯಲ್ಲಿ ಮಗಳು ಮೆಲ್ಲಗೆ ಅಂದಳು: “ಅಮ್ಮಾ, ಎರಡ್ನೇ ಸಲ ಓದಿಸ್ಬಾರ್ದಿತ್ತು. ಪಾಪ, ಅವ್ರು ಕಾಗದದಿಂದ ತಲೆ ಎತ್ಲೇ ಇಲ್ಲ.”

“ನೋಡ್ದೆ,” ಎಂದಳು ತಾಯಿ. “ಮೂರನೇ ಸಲ ಓದಿಸ್ಲಿಲ್ವಲ್ಲ ಅಂತಾನೇ ನನಗೆ ಸಂಕಟ.”